ತರ್ಜುಮೆ, ಪುಟಕ್ಕೆ ಅರವತ್ತು ರೂಪಾಯಿ

ನವನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಮೇಜು. ಒಂದು ಕಾಲಿಗೆ ಇಟ್ಟಿಗೆ ಚೂರು.
ಕನ್ನಡದಲ್ಲಿ ಅತ್ತದ್ದನ್ನು ಇಂಗ್ಲಿಷಿನಲ್ಲಿ
ಸಾಲುಸಾಲಿನ ನಡುವೆ ಜಾಗ ಬಿಟ್ಟು
ಟೈಪ್ ಮಾಡಿಕೊಡುವುದು ನನ್ನ ಕಸುಬು.

ಇವತ್ತು ಬಂದಾಕೆ ಇಳಕಲ್ಲಿನವಳು,
ಕಳಕವ್ವ ಕೋಂ ಶೇಖಪ್ಪ.
ಆ ‘ಕೋಂ’ ತಾನೇ ಹೇಳಿ ಬರೆಸಿದಳು.
“ಬಿಟ್ಟಾನ್ರಿ,” ಅಂದಳು. ಅಷ್ಟೇ.
ಇಡೀ ಪುಟಕ್ಕೆ ಒಂದು ಮಾತು.

ವಕೀಲರ ಚೀಟಿಯಲ್ಲಿ ಡೆಸರ್ಟ್ ಅಂತಿದೆ.
ಡೆಸರ್ಟ್ ಎಂದರೆ ಬರೀ ಹೋಗುವುದಲ್ಲ,
ಮರಳಬಾರದೆಂದು ಮನಸ್ಸು ಮಾಡಿ ಹೋಗುವುದು;
ಎರಡು ವರ್ಷ ತುಂಬಿರಬೇಕು, ಸರಿಯಾದ ಕಾರಣ ಇರಬಾರದು.
ಮನಸ್ಸು ಮಾಡಿದ ತಾರೀಖು ಯಾವುದು, ಕೇಳಿದೆ.
“ಇಚಲಕರಂಜಿಗೆ ಪವರ್‌ಲೂಮಿನ ಕೆಲಸಕ್ಕ ಹೊಂಟಾಗ
ಹಲ್ಲುಜ್ಜೂ ಬ್ರಶ್ ಇಲ್ಲೇ ಇಟ್ಟಿದ್ದ್ರಿ.
ಬರಾವ ಇದ್ದ.”

ಹಾಗಾದರೆ ಲೀವ್. ಆದರೆ ಲೀವ್ ಬಲು ಹಗುರ,
ಚಹಾ ಕುಡಿದು ಎದ್ದುಹೋದವನಿಗೂ ಅದೇ.
ಅಬ್ಯಾಂಡನ್ ಬರೆಯಲೆ? ಅದಕ್ಕೆ ಹಡಗು ಬೇಕು,
ಮುಳುಗುವಂಥದ್ದು. ಇಲ್ಲವೆ ಒಂದು ಊರು.
ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಹಿನ್ನೀರು ಬರುವ ಮುಂದ
ಕದ, ಕಿಡಕಿ, ತೊಲೆ ಎಲ್ಲ ಬಿಚ್ಚಿ ತಂದೆವು.
ಒರಳುಕಲ್ಲು ಬರಲಿಲ್ಲ, ನೆಲದಲ್ಲಿ ಹೂತಿತ್ತು.
ಒರಳುಕಲ್ಲಿಗೆ ಅಬ್ಯಾಂಡನ್ ಸರಿ.
ಫರ್ಸೇಕ್ ದೇವರು ಮಾಡುವ ಕೆಲಸ, ಕೋರ್ಟಿನಲ್ಲಿ ನಡೆಯದು.

ಕಳಕವ್ವ ನನ್ನ ಡಿಕ್ಷನರಿಯನ್ನೇ ನೋಡುತ್ತಿದ್ದಳು,
ಗಿರಾಕಿ ಬೇಡವೆಂದು ತಳ್ಳಿದ ಸೀರೆಗಳ ರಾಶಿ ನೋಡುವ ಹಾಗೆ.
“ಮೊದಲನೇದ್ದರ ಅರ್ಥ ಏನ್ರಿ?”
ಅವೇ ಅಕ್ಷರಗಳಿಗೆ ಮರುಭೂಮಿ ಅಂತಲೂ ಇದೆ, ಅಂದೆ.
“ಅಯ್ಯ, ಬ್ಯಾಡ ತಗೀರಿ.
ನಮ್ಮ ಹಿತ್ತಲ ಬೋರಿಗೆ ಎರಡಿಂಚು ನೀರೈತಿ.”

ಬೇವು ಹೂ ಬಿಡುತ್ತದೆ, ಸಾಲಿ ಬಿಡುತ್ತದೆ, ಮಳೆ ಬಿಡುತ್ತದೆ,
ಕೂಸು ಕಣ್ಣು ಬಿಡುತ್ತದೆ, ಸೋವಿ ಸೀರೆ ಬಣ್ಣ ಬಿಡುತ್ತದೆ.
ಅದೇ ಮಾತಿನಲ್ಲಿ ಗಂಡ, ಹೆಂಡತಿಯನ್ನು.
ಸಣ್ಣ ಮಾವ ತೀರಿಕೊಂಡಾಗ ಅವ್ವ ‘ಹೋಗಿಬಿಟ್ಟ’ ಅಂದಳು.
ಕಾಕಾನ ಸುದ್ದಿ ಬಂದಾಗಲೆಲ್ಲ ಕಾಕು ‘ಬಿಟ್ಟುಹೋದ’ ಅನ್ನುತ್ತಿದ್ದಳು.
ಇದ್ದವೆರಡು ಮಾತು, ಹಿಂದುಮುಂದು.
ಮಾವನಿಗೆ ವರ್ಷಕ್ಕೊಮ್ಮೆ ಎಡೆ;
ಕಾಕಾನಿಗೆ ಇಪ್ಪತ್ತು ವರ್ಷ
ರಾತ್ರಿ ಅಗಳಿ ಹಾಕದ ಕದ.
ಇದನ್ನು ಯಾವ ಇಂಗ್ಲಿಷಿಗೆ ಇಳಿಸಲಿ, ಅರವತ್ತು ರೂಪಾಯಿಗೆ?

ಮಗ್ಗದ ಮೇಲೆ ಅವನು ಅರ್ಧ ನೇಯ್ದ ಸೀರೆ ಇತ್ತಂತೆ.
ಮೈಯ ಹಾಸಿಗೆ ಸೆರಗಿನ ಹಾಸನ್ನು
ಎಳೆಎಳೆ ಕೊಂಡಿ ಹಾಕಿದಾಕೆ ಇವಳು, ನೇಯುವವ ಅವನು.
“ಒಂಬತ್ತು ತಿಂಗಳ ಧೋತರ ಹೊಚ್ಚಿ ಇಟ್ಟೆ. ಇಲಿ ಹತ್ತಿದುವು.
ಆಮ್ಯಾಲ ನಾನ ಮಗ್ಗದ ಕುಣ್ಯಾಗ ಇಳದೆ.
ನಾನ ನೇಯ್ದೆ, ನಾನ ಕೊಯ್ದೆ, ಮಾರಿದೆ.”
ಅವನ ಕೈ ನಿಂತಲ್ಲಿ ಗುರುತು ಕಾಣುತ್ತದೆಯೇ, ಕೇಳಿದೆ.
“ಉಟ್ಟಾಕಿಗೆ ಕಾಣೂದಿಲ್ರಿ.”

ಆಮೇಲೆ ತಡೆದು,
“ಅವ ಬಿಟ್ಟಾನ ಅಂತ ಬ್ಯಾಡ್ರಿ.
ನಾ ಬಿಟ್ಟೀನಿ ಅಂತ ಬರೀರಿ.”
ಹಾಗೆ ಬರೆದರೆ ಜೀವನಾಂಶ ಸಿಗಲಿಕ್ಕಿಲ್ಲ, ಅಂದೆ.
ಸುಮ್ಮನಾದಳು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು.
“ಹಂಗಾರ ಕೋರ್ಟಿಗೆ ಅವಂದ ಇರಲಿ.
ನನ್ನ ಕಾಪಿಗೆ ನಂದು.”

ಡೆಸರ್ಟೆಡ್ ಎಂದು ಟೈಪಿಸಿದೆ.
ಅವಳ ಝೆರಾಕ್ಸಿನ ಅಂಚಿಗೆ ಪೆನ್ನಿನಿಂದ ಬರೆದುಕೊಟ್ಟೆ, ಬಿಟ್ಟೀನಿ.
ಓದಿದಳು. ಶಾಯಿ ಆರಿತೇ ಎಂದು ಒತ್ತಕ್ಷರ ಮುಟ್ಟಿದಳು.
“ನಾಲ್ಕರ ಬಸ್ ಬಿಟ್ಟೀತ್ರಿ,” ಎಂದು ಎದ್ದಳು.

ಕೊಟ್ಟದ್ದು ನೂರರ ನೋಟು.
ನಲವತ್ತು ರೂಪಾಯಿ ಇನ್ನೂ ಮೇಜಿನ ಮೇಲಿದೆ,
ಪೇಪರ್‌ವೇಟಿನ ಕೆಳಗೆ.
ಮರೆತಳೋ, ಬಿಟ್ಟಳೋ.